ವೃದ್ಧಾಶ್ರಮಗಳೂ ಅಂಟುಜಾಡ್ಯಗಳೂ

೧

ಮುಪ್ಪು ರೋಗವಲ್ಲ, ಆದರೆ ರೋಗಕ್ಕೆ ಅದು ಸುಲಭವಾಗಿ ಎಡೆಗೊಡುವುದು. ವಯಸ್ಸು ಇಳಿದಂತೆಲ್ಲ ದೇಹದ ಪ್ರತಿರೋಧಶಕ್ತಿ ಕುಗ್ಗುತ್ತದೆ. ಶ್ವಾಸಕೋಶಗಳು ಕಫವನ್ನು ಹೊರದೂಡಲಾರದಷ್ಟು ದುರ್ಬಲವಾಗುತ್ತವೆ. ತರುಣರಲ್ಲಿ ಮೈಸುಡುವ ಜ್ವರವಾಗಿ ಕಾಣಿಸಿಕೊಳ್ಳುವ ಜಾಡ್ಯವು ವೃದ್ಧರಲ್ಲಿ ಬರಿಯ ಮಂಕಾಗಿಯೋ, ಅನ್ನ ಸೇರದಿರುವಿಕೆಯಾಗಿಯೋ, ಕಾರಣವಿಲ್ಲದೆ ಎಡವಿ ಬೀಳುವುದಾಗಿಯೋ ತೋರುವುದುಂಟು. ಆದಕಾರಣ ರೋಗವು ಮೈಹೊಕ್ಕ ಮೇಲೂ ಅದು ರೋಗವೆಂದು ಗೊತ್ತಾಗಲು ತಡವಾಗುತ್ತದೆ. ಇಂತಹವರು ಒಬ್ಬಿಬ್ಬರಲ್ಲದೆ ನೂರಾರು ಮಂದಿ ಒಂದೇ ಸೂರಿನಡಿಯಲ್ಲಿ, ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಪಡಸಾಲೆಯಲ್ಲಿ ಕುಳಿತು ಬಾಳುವ ಮನೆಗೆ ಅಂಟುಜಾಡ್ಯವೊಂದು ಹೊಕ್ಕರೆ ಆಗುವ ಅನರ್ಥವನ್ನು ೨೦೨೦ನೆಯ ವರ್ಷದಲ್ಲಿ ಲೋಕವೆಲ್ಲ ಕಂಡಿತು.

ಊರಿಗೆ ಮಾರಿ ಬಂದಾಗ ಮನೆಯವರಿಗೆ ಮೊದಲು ತೋಚುವ ಉಪಾಯವೆಂದರೆ ಬಾಗಿಲು ಮುಚ್ಚಿಕೊಳ್ಳುವುದು. ಗಟ್ಟಿಮುಟ್ಟಾದ ಕುಟುಂಬಕ್ಕೆ ಈ ಉಪಾಯವು ಸಲ್ಲಬಹುದು; ವೃದ್ಧಾಶ್ರಮಕ್ಕೆ ಸಲ್ಲದು. ಏಳಲಾರದವನನ್ನು ಎಬ್ಬಿಸುವ ಕೈ, ಉಣ್ಣಲಾರದವಳಿಗೆ ತುತ್ತಿಡುವ ಕೈ, ಹಾಸಿಗೆಯನ್ನು ಬದಲಿಸುವ ಕೈ, ಇವು ಪ್ರತಿದಿನವೂ ಹೊರಗಿನಿಂದ ಒಳಕ್ಕೆ ಬರಲೇಬೇಕು. ಆ ಕೈಗಳೊಡನೆ ಜಾಡ್ಯವೂ ಬರಬಹುದು. ಆ ಕೈಗಳು ಬಾರದೆ ನಿಂತರೆ ಜಾಡ್ಯವಿಲ್ಲದೆಯೇ ಮರಣವು ಬರಬಹುದು. ಇಂತಹ ಮನೆಗಳು ಅಂಟುಜಾಡ್ಯಗಳನ್ನು ಎದುರಿಸಿದ ಚರಿತ್ರೆಯನ್ನು ನೋಡಿದರೆ, ಅವುಗಳ ಕ್ಷೇಮವು ಗೋಡೆಯ ಎತ್ತರವನ್ನಾಗಲಿ ಬಾಗಿಲಿನ ಬಿಗಿಯನ್ನಾಗಲಿ ಅಷ್ಟಾಗಿ ಅವಲಂಬಿಸಿಲ್ಲ, ಅಲ್ಲಿ ಸೇವೆಮಾಡುವವರ ಸ್ಥಿತಿಗತಿಗಳನ್ನೇ ಅವಲಂಬಿಸಿದೆ ಎಂಬುದು ಸ್ಪಷ್ಟವಾಗುತ್ತದೆ.

೨

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ದಿಕ್ಕಿಲ್ಲದ ಮುದುಕರಿಗೆ ಕೊನೆಯ ಆಶ್ರಯವಾಗಿದ್ದುದು 'ವರ್ಕ್‌ಹೌಸ್' ಎಂಬ ದುಡಿಮೆಯ ಮನೆ. ೧೮೩೪ರ ಕಾನೂನಿನಂತೆ ಅದು ಮೈಗಳ್ಳರನ್ನು ಬೆದರಿಸಿ ದುಡಿಸುವುದಕ್ಕಾಗಿ ಏರ್ಪಟ್ಟದ್ದು. ಆದರೆ ಕಾಲಕ್ರಮದಲ್ಲಿ ಅದನ್ನು ತುಂಬಿದವರು ವೃದ್ಧರು, ರೋಗಿಗಳು, ಅನಾಥರು. ಅಲ್ಲಿನ ರೋಗಿಗಳ ಶುಶ್ರೂಷೆಗೆಂದು ಬೇರೆ ಜನರಿರಲಿಲ್ಲ. ಅಲ್ಲಿಯೇ ಇದ್ದ ಇತರ ಬಡ ಹೆಂಗಸರು ಆ ಕೆಲಸವನ್ನು ಮಾಡುತ್ತಿದ್ದರು. ಅವರಲ್ಲಿ ಅನೇಕರಿಗೆ ಔಷಧದ ಸೀಸೆಯ ಮೇಲಿನ ಚೀಟಿಯನ್ನು ಓದಲು ಕೂಡ ಬರುತ್ತಿರಲಿಲ್ಲ. ೧೮೬೫ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆಯು ಲಂಡನ್ನಿನ ಇಂತಹ ರೋಗಿಶಾಲೆಗಳನ್ನು ಪರೀಕ್ಷಿಸಲು ವೈದ್ಯರನ್ನು ಕಳುಹಿಸಿತು. ಅವರ ವರದಿಗಳಿಂದ ಸಾರ್ವಜನಿಕರಲ್ಲಿ ದೊಡ್ಡ ಕಳವಳ ಹುಟ್ಟಿತು. ಪರಿಣಾಮವಾಗಿ ೧೮೬೭ರಲ್ಲಿ ಒಂದು ಕಾನೂನು ಬಂದು, ಲಂಡನ್ ನಗರದ ಬಡವರಲ್ಲಿ ಜ್ವರ ಮತ್ತು ಸಿಡುಬು ತಗುಲಿದವರನ್ನು ದುಡಿಮೆಯ ಮನೆಗಳಿಂದ ಬೇರ್ಪಡಿಸಿ ಪ್ರತ್ಯೇಕವಾದ ಆಸ್ಪತ್ರೆಗಳಲ್ಲಿರಿಸುವ ವ್ಯವಸ್ಥೆಯಾಯಿತು. ರೋಗಿಯನ್ನು ನಿರೋಗಿಯಿಂದ ಅಗಲಿಸಬೇಕೆಂಬ ತತ್ತ್ವವು ಹೀಗೆ ಬಡವರ ಆಶ್ರಯಗಳ ವಿಷಯದಲ್ಲಿಯೂ ಅಂಗೀಕೃತವಾಯಿತು.

ಲಿವರ್‌ಪೂಲ್ ನಗರದ ಬ್ರೌನ್ಲೋ ಹಿಲ್ ಎಂಬಲ್ಲಿದ್ದ ದುಡಿಮೆಯ ಮನೆಯಲ್ಲಿ ಇದಕ್ಕಿಂತ ಮುಖ್ಯವಾದ ಇನ್ನೊಂದು ತತ್ತ್ವವು ಪರೀಕ್ಷೆಗೆ ಬಂದಿತು. ಆ ನಗರದ ಉದಾರಿಯಾದ ವರ್ತಕ ವಿಲಿಯಂ ರಾತ್‌ಬೋನನು ಅದರ ರೋಗಿಶಾಲೆಗೆ ಶಿಕ್ಷಿತರಾದ ದಾದಿಯರನ್ನು ತನ್ನ ವೆಚ್ಚದಲ್ಲಿ ಕೊಡಿಸಲು ಮುಂದಾದನು. ಫ್ಲಾರೆನ್ಸ್ ನೈಟಿಂಗೇಲರ ಶಾಲೆಯಲ್ಲಿ ತರಬೇತಿ ಹೊಂದಿದ್ದ ಆಗ್ನೆಸ್ ಜೋನ್ಸ್ ಎಂಬ ಐರ್ಲೆಂಡಿನ ಮಹಿಳೆಯು ೧೮೬೫ರಲ್ಲಿ ಹನ್ನೆರಡು ಮಂದಿ ದಾದಿಯರೊಡನೆ ಅಲ್ಲಿಗೆ ಬಂದಳು. ಸಾವಿರಕ್ಕೂ ಮೇಲ್ಪಟ್ಟ ರೋಗಿಗಳು; ಒಂದೇ ಹಾಸಿಗೆಯಲ್ಲಿ ಇಬ್ಬರು ಮಲಗುವ ಇಕ್ಕಟ್ಟು; ಸಹಾಯಕ್ಕೆ ಅದೇ ಮನೆಯ ಬಡ ಹೆಂಗಸರು. ಎರಡು ಮೂರು ವರ್ಷಗಳಲ್ಲಿ ಆಕೆ ಅಲ್ಲಿ ಕ್ರಮವನ್ನೂ ಶುಚಿಯನ್ನೂ ನೆಲೆಗೊಳಿಸಿದಳು. ಆದರೆ ೧೮೬೮ರ ಫೆಬ್ರವರಿಯಲ್ಲಿ ಟೈಫಸ್ ಜ್ವರವು ಆಕೆಗೆ ತಗುಲಿ, ಮೂವತ್ತೈದನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು.

ಆ ಜ್ವರವು ಹೇಗೆ ಹರಡುವುದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ೧೯೦೯ರಲ್ಲಿ ಟ್ಯೂನಿಸ್ ನಗರದಲ್ಲಿ ಚಾರ್ಲ್ಸ್ ನಿಕೋಲ್ ಎಂಬ ಫ್ರೆಂಚ್ ವಿಜ್ಞಾನಿಯು ಅದನ್ನು ಹರಡುವುದು ಮೈಯ ಹೇನು ಎಂದು ತೋರಿಸಿಕೊಟ್ಟನು. ರೋಗಿಯನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುವಾಗ ಅವನ ಬಟ್ಟೆಗಳನ್ನು ಮುಟ್ಟುವವರಿಗೆ ಟೈಫಸ್ ಬರುತ್ತಿತ್ತು. ರೋಗಿಗೆ ಸ್ನಾನಮಾಡಿಸಿ ಬೇರೆ ಬಟ್ಟೆ ಉಡಿಸಿದಮೇಲೆ ಅವನೊಡನೆ ಇರುತ್ತಿದ್ದವರಿಗೆ ಬರುತ್ತಿರಲಿಲ್ಲ. ಈ ಭೇದವೇ ಅವನಿಗೆ ದಾರಿ ತೋರಿಸಿತು. ಸೇವಕರ ಮೈಗೆ ರಕ್ಷಣೆಯಿಲ್ಲದಿದ್ದರೆ ಸೇವೆಯೇ ಜಾಡ್ಯಕ್ಕೆ ವಾಹನವಾಗುವುದೆಂಬ ಸತ್ಯಕ್ಕೆ ವಿಜ್ಞಾನವು ಹೀಗೆ ಸಾಕ್ಷ್ಯವನ್ನೊದಗಿಸಿತು.

೩

ಇಪ್ಪತ್ತನೆಯ ಶತಮಾನದಲ್ಲಿ ಈ ಹಳೆಯ ಮನೆಗಳು ಮರೆಯಾಗಿ, ಅವುಗಳ ಎಡೆಯಲ್ಲಿ ಹೊಸ ಬಗೆಯ ಆಲಯಗಳು ತಲೆಯೆತ್ತಿದುವು. ಅಮೆರಿಕದಲ್ಲಿ ೧೯೩೫ರ ಸಾಮಾಜಿಕ ಭದ್ರತೆಯ ಶಾಸನವು ಸಾರ್ವಜನಿಕ ಅನಾಥಾಲಯಗಳಲ್ಲಿರುವ ವೃದ್ಧರಿಗೆ ಧನಸಹಾಯವನ್ನು ನಿರಾಕರಿಸಿತು. ಅದರಿಂದ ಖಾಸಗಿ ಶುಶ್ರೂಷಾಲಯಗಳು ಹೆಚ್ಚಿದುವು. ೧೯೬೫ರಲ್ಲಿ ವೃದ್ಧರ ಮತ್ತು ಬಡವರ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವು ವಹಿಸಿಕೊಂಡ ಮೇಲೆ ಅವು ಇನ್ನೂ ಬೆಳೆದುವು. ಕಟ್ಟಡಗಳು ಸೊಗಸಾದುವು, ಔಷಧಗಳು ಬಂದುವು; ಆದರೆ ಒಟ್ಟುಬಾಳಿನ ಅಪಾಯವು ನೀಗಲಿಲ್ಲ.

ಅರ್ಕಾನ್ಸಾ ಸಂಸ್ಥಾನದ ವೈದ್ಯ ವಿಲಿಯಂ ಸ್ಟೆಡ್ಡರು ೧೯೮೫ರಲ್ಲಿ ಪ್ರಕಟಿಸಿದ ಶೋಧನೆಯು ಇದಕ್ಕೊಂದು ನಿದರ್ಶನ. ಅದುವರೆಗೆ ಮುದುಕರಲ್ಲಿ ಕಾಣುವ ಕ್ಷಯವು ಅವರ ಯೌವನದಲ್ಲಿ ಹೊಕ್ಕು ನಿದ್ರಿಸುತ್ತಿದ್ದ ಕ್ರಿಮಿಗಳು ಮತ್ತೆ ಎಚ್ಚತ್ತುದರ ಫಲವೆಂದು ಸಾಮಾನ್ಯವಾಗಿ ನಂಬಿಕೆಯಿದ್ದಿತು. ಸ್ಟೆಡ್ಡರು ಶುಶ್ರೂಷಾಲಯಗಳ ಸಾವಿರಾರು ನಿವಾಸಿಗಳನ್ನು ಚರ್ಮಪರೀಕ್ಷೆಗೆ ಒಳಪಡಿಸಿದರು. ಹೊಸದಾಗಿ ಸೇರಿದವರಲ್ಲಿ ನೂರಕ್ಕೆ ಸುಮಾರು ೧೨ ಮಂದಿಯಲ್ಲಿ ಕ್ಷಯದ ಸೋಂಕಿನ ಗುರುತು ಕಂಡರೆ, ಒಂದು ತಿಂಗಳಿಗೆ ಮೇಲ್ಪಟ್ಟು ಅಲ್ಲಿದ್ದವರಲ್ಲಿ ನೂರಕ್ಕೆ ಸುಮಾರು ೨೧ ಮಂದಿಯಲ್ಲಿ ಕಂಡಿತು. ಅಂದರೆ, ಒಬ್ಬ ಮುದುಕನ ಹಳೆಯ ಕೆಮ್ಮೆಂದು ಯಾರೂ ಲಕ್ಷಿಸದಿದ್ದ ಕೆಮ್ಮು ಪಕ್ಕದ ಮಂಚಗಳವರಿಗೆ ಹೊಸದಾಗಿ ಕ್ಷಯವನ್ನು ಹಂಚುತ್ತಿದ್ದಿತು.

ಇನ್‌ಫ್ಲುಯೆಂಜದ ವಿಷಯದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಒಂದು ಕುತೂಹಲಕರವಾದ ಸಮಾಚಾರ ಹೊರಟಿತು. ವೃದ್ಧರು ದೀರ್ಘಕಾಲ ಇರುವ ಹನ್ನೆರಡು ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯ ಫಲವು ೧೯೯೭ರಲ್ಲಿ ಪ್ರಕಟವಾಯಿತು. ಪರಿಚಾರಕರಿಗೆ ಲಸಿಕೆಯನ್ನು ಹಾಕಿಸಿದ ಆಸ್ಪತ್ರೆಗಳಲ್ಲಿ ಆ ಚಳಿಗಾಲದ ರೋಗಿಗಳ ಮರಣವು ನೂರಕ್ಕೆ ೧೦, ಹಾಕಿಸದಿದ್ದಲ್ಲಿ ೧೭. ಮುಂದಿನ ವಿಮರ್ಶಕರು ಈ ಅಂಕಿಗಳಿಂದ ಅಷ್ಟು ದೊಡ್ಡ ಸಿದ್ಧಾಂತವನ್ನು ಮಾಡಲಾಗದೆಂದು ಆಕ್ಷೇಪಿಸಿದ್ದುಂಟು. ಆದರೂ ವೃದ್ಧನನ್ನು ಕಾಪಾಡಬೇಕಾದರೆ ಮೊದಲು ಅವನ ಪರಿಚಾರಕನನ್ನು ಕಾಪಾಡಬೇಕು ಎಂಬ ವಿಚಾರವು ಅಲ್ಲಿಂದ ಮುಂದೆ ವೈದ್ಯರ ಚರ್ಚೆಗಳಲ್ಲಿ ನೆಲೆಗೊಂಡಿತು.

ಎಲ್ಲ ಜಾಡ್ಯಗಳೂ ಮನುಷ್ಯರ ಮೂಲಕವೇ ಬರುವುವೆಂದು ಹೇಳಿದಂತಾಗಬಾರದು. ೨೦೦೫ರ ಶರತ್ಕಾಲದಲ್ಲಿ ಕೆನಡದ ಟೊರಾಂಟೋ ನಗರದ ಒಂದು ವೃದ್ಧನಿವಾಸದಲ್ಲಿ ಶ್ವಾಸಕೋಶದ ಜ್ವರವೊಂದು ಎದ್ದು ೨೩ ಮಂದಿ ಮೃತರಾದರು. ಮೊದಲು ಕಾರಣವು ತಿಳಿಯದೆ ವೈದ್ಯರು ತಬ್ಬಿಬ್ಬಾದರು. ಕೊನೆಗೆ ಅದು ಲೀಜಿಯನೆಲ್ಲ ಎಂಬ ಕ್ರಿಮಿಯ ಕೃತ್ಯವೆಂದೂ, ಕಟ್ಟಡವನ್ನು ತಂಪಾಗಿರಿಸುವ ಯಂತ್ರದ ನೀರಿನಲ್ಲಿ ಅದು ಬೆಳೆದಿದ್ದಿತೆಂದೂ ಗೊತ್ತಾಯಿತು. ಅಂತಹ ಜಾಡ್ಯಕ್ಕೆ ಮದ್ದು ಕಟ್ಟಡದ ಮೇಲ್ವಿಚಾರಣೆಯಲ್ಲಿಯೇ ಇದೆ. ಆದರೆ ಕೆಮ್ಮು, ಉಸಿರು, ಸ್ಪರ್ಶಗಳಿಂದ ಹರಡುವ ಜಾಡ್ಯಗಳ ಕಥೆಯೇ ಬೇರೆ. ಅದರ ಅತ್ಯಂತ ದಾರುಣವಾದ ಅಧ್ಯಾಯವು ಹದಿನೈದು ವರ್ಷಗಳ ತರುವಾಯ ತೆರೆಯಿತು.

೪

ಅಮೆರಿಕದ ಪಶ್ಚಿಮದ ಅಂಚಿನಲ್ಲಿರುವ ವಾಷಿಂಗ್ಟನ್ ಸಂಸ್ಥಾನದ ಸಿಯಾಟಲ್ ನಗರಕ್ಕೆ ಸಮೀಪದಲ್ಲಿ ಕರ್ಕ್‌ಲೆಂಡ್ ಎಂಬ ಪಟ್ಟಣವಿದೆ. ಅಲ್ಲಿನ ಒಂದು ಶುಶ್ರೂಷಾಲಯದ ನಿವಾಸಿಯೊಬ್ಬರಿಗೆ ಕೋವಿಡ್ ತಗುಲಿದೆಯೆಂದು ೨೦೨೦ನೆಯ ಫೆಬ್ರವರಿ ೨೮ರಂದು ನಿಶ್ಚಯವಾಯಿತು. ಅದಕ್ಕೆ ಮುಂಚಿನಿಂದಲೇ ಅಲ್ಲಿ ಕೆಮ್ಮು ಜ್ವರಗಳು ಹಬ್ಬಿದ್ದುವು. ಚಳಿಗಾಲದ ಸಾಮಾನ್ಯ ಜ್ವರವಿರಬೇಕೆಂದು ತಿಳಿದಿದ್ದರು. ಮಾರ್ಚ್ ೧೮ರ ವೇಳೆಗೆ ಆ ಒಂದು ಆಲಯಕ್ಕೆ ಸಂಬಂಧಪಟ್ಟ ರೋಗಿಗಳ ಸಂಖ್ಯೆ ೧೬೭ಕ್ಕೆ ಏರಿತು: ನಿವಾಸಿಗಳು ೧೦೧, ಪರಿಚಾರಕರು ೫೦, ನೋಡಲು ಬಂದು ಹೋಗಿದ್ದವರು ೧೬. ರೋಗ ತಗುಲಿದ ನಿವಾಸಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಸತ್ತರು. ಪರಿಚಾರಕರಲ್ಲಿ ಒಬ್ಬರೂ ಸಾಯಲಿಲ್ಲ. ಒಂದೇ ಜಾಡ್ಯವು ಸೇವೆ ಮಾಡುವವರಿಗೆ ಹಗುರಾಗಿಯೂ ಸೇವೆ ಪಡೆಯುವವರಿಗೆ ಮಾರಕವಾಗಿಯೂ ಪರಿಣಮಿಸಿತು. ಹಗುರಾಗಿದ್ದುದರಿಂದಲೇ ಅದನ್ನು ಹೊತ್ತವರು ಎಚ್ಚರಗೊಳ್ಳಲಿಲ್ಲ.

ಅದೇ ದಿನದ ವೇಳೆಗೆ ಆ ಜಿಲ್ಲೆಯ ೩೦ ವೃದ್ಧಾಲಯಗಳಲ್ಲಿ ಕೋವಿಡ್ ಕಾಣಿಸಿಕೊಂಡಿದ್ದಿತು. ಆರೋಗ್ಯಾಧಿಕಾರಿಗಳು ಕಾರಣಗಳನ್ನು ಹುಡುಕಿದಾಗ ಕಂಡದ್ದು ಇವು: ಮೈ ಸರಿಯಿಲ್ಲದಿದ್ದರೂ ಕೆಲವು ಪರಿಚಾರಕರು ಕೆಲಸಕ್ಕೆ ಬಂದಿದ್ದರು, ಕೆಲವರು ಒಂದಕ್ಕಿಂತ ಹೆಚ್ಚು ಆಲಯಗಳಲ್ಲಿ ದುಡಿಯುತ್ತಿದ್ದರು, ಮುಖವಾಡ, ಕೈಗವಸು, ನಿಲುವಂಗಿಗಳನ್ನು ಸರಿಯಾಗಿ ಬಳಸುವ ಅಭ್ಯಾಸವು ಎಲ್ಲರಿಗೂ ಇರಲಿಲ್ಲ, ಅವುಗಳ ಸರಬರಾಯಿಯೂ ಸಾಲದಾಗಿತ್ತು, ರೋಗಪರೀಕ್ಷೆಯ ಸೌಕರ್ಯವು ವಿರಳವಾಗಿತ್ತು. ಇವುಗಳಲ್ಲಿ ಮೊದಲೆರಡು ಕಾರಣಗಳು ಮೇಲುನೋಟಕ್ಕೆ ಅಜಾಗರೂಕತೆಯೆಂದು ತೋರುವುವು. ಆದರೆ ಅಲ್ಪವೇತನದ ಪರಿಚಾರಿಕೆಯು ಒಂದು ಮನೆಯ ಸಂಬಳದಿಂದ ಸಂಸಾರ ಸಾಗದೆ ಎರಡು ಮನೆಗಳಲ್ಲಿ ದುಡಿಯುತ್ತಾಳೆ. ರಜೆ ಹಾಕಿದ ದಿನ ಕೂಲಿಯಿಲ್ಲವಾದರೆ ಕೆಮ್ಮುತ್ತಲೇ ಕೆಲಸಕ್ಕೆ ಬರುತ್ತಾಳೆ. ಅಮೆರಿಕದ ಮೂವರು ಅರ್ಥಶಾಸ್ತ್ರಜ್ಞರು ಜನರ ಕೈಯಲ್ಲಿನ ದೂರವಾಣಿಗಳ ಸಂಚಾರವನ್ನು ಲೆಕ್ಕಹಾಕಿ ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭೇಟಿಗಾರರನ್ನು ತಡೆದ ಮೇಲೂ ಆಲಯದಿಂದ ಆಲಯಕ್ಕೆ ಹೋಗಿಬರುವವರು ಉಳಿದೇ ಇದ್ದರೆಂದೂ, ಆ ಸಂಚಾರವು ಹೆಚ್ಚಾದಲ್ಲಿ ರೋಗಿಗಳೂ ಹೆಚ್ಚಾದರೆಂದೂ ತೋರಿಸಿದರು. ಬಡತನವು ಜಾಡ್ಯವನ್ನು ಮನೆಯಿಂದ ಮನೆಗೆ ನಡೆಸಿಕೊಂಡು ಹೋದುದನ್ನು ಇಲ್ಲಿ ಕಾಣಬಹುದು.

ಅದೇ ಜಿಲ್ಲೆಯ ಇನ್ನೊಂದು ಶುಶ್ರೂಷಾಲಯದಲ್ಲಿ ವೈದ್ಯರು ಮತ್ತೊಂದು ಸಂಗತಿಯನ್ನು ಕಂಡುಕೊಂಡರು. ಅಲ್ಲಿನ ೮೯ ನಿವಾಸಿಗಳಲ್ಲಿ ಕೊನೆಗೆ ೫೭ ಮಂದಿಗೆ ಸೋಂಕು ತಗುಲಿತು. ಮಾರ್ಚ್ ತಿಂಗಳಲ್ಲಿ, ರೋಗದ ಲಕ್ಷಣವಿರಲಿ ಇಲ್ಲದಿರಲಿ, ಒಪ್ಪಿದವರನ್ನೆಲ್ಲ ಪರೀಕ್ಷಿಸಿದಾಗ ಸೋಂಕು ಕಂಡ ೪೮ ಮಂದಿಯಲ್ಲಿ ೨೭ ಮಂದಿಗೆ ಆ ದಿನ ಯಾವ ಲಕ್ಷಣವೂ ಇರಲಿಲ್ಲ. ಅವರಲ್ಲಿ ೨೪ ಮಂದಿಗೆ ಕೆಲವು ದಿನಗಳ ತರುವಾಯ ರೋಗವು ಕಾಣಿಸಿಕೊಂಡಿತು. ಬಾಗಿಲಲ್ಲಿ ನಿಂತು ಹಣೆ ಮುಟ್ಟಿ ಜ್ವರ ನೋಡಿ ಒಳಬಿಡುವ ಹಳೆಯ ಕ್ರಮವು ಈ ಜಾಡ್ಯದ ಮುಂದೆ ನಡೆಯದೆಂಬುದು ಇದರಿಂದ ನಿಸ್ಸಂದೇಹವಾಯಿತು.

೫

ಈ ಜ್ಞಾನವು ಲೋಕಕ್ಕೆ ತಲಪುವ ಮೊದಲೇ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ತೀರ್ಮಾನಗಳಾಗಿದ್ದುವು. ಇಂಗ್ಲೆಂಡಿನಲ್ಲಿ ಆಸ್ಪತ್ರೆಗಳನ್ನು ಬರಲಿರುವ ರೋಗಿಗಳಿಗಾಗಿ ತೆರವುಮಾಡುವ ಆತುರದಲ್ಲಿ ೨೦೨೦ನೆಯ ಮಾರ್ಚ್ ೧೭ರಿಂದ ಏಪ್ರಿಲ್ ೧೫ರ ವರೆಗೆ ಸುಮಾರು ೨೫,೦೦೦ ಮಂದಿಯನ್ನು ಆಸ್ಪತ್ರೆಗಳಿಂದ ವೃದ್ಧಾಲಯಗಳಿಗೆ ಕಳುಹಿಸಲಾಯಿತು. ಅವರೆಲ್ಲರನ್ನೂ ಪರೀಕ್ಷಿಸುವ ನಿಯಮವು ಆಗ ಇರಲಿಲ್ಲ. ಲಕ್ಷಣವಿಲ್ಲದವರಿಂದಲೂ ರೋಗ ಹರಡಬಹುದೆಂಬ ಅಪಾಯವನ್ನು ಗಣನೆಗೆ ತಂದುಕೊಳ್ಳದೆ ಮಾಡಿದ ಈ ಏರ್ಪಾಡು ನ್ಯಾಯಬಾಹಿರವೆಂದು ಅಲ್ಲಿನ ಉಚ್ಚ ನ್ಯಾಯಾಲಯವು ೨೦೨೨ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ಸ್ಪೇನಿನಲ್ಲಿ ಶುಚೀಕರಣಕ್ಕೆಂದು ಕಳುಹಿಸಿದ ಸೈನಿಕರು ಕೆಲವು ಆಲಯಗಳಲ್ಲಿ ಅನಾಥರಾಗಿ ಬಿದ್ದಿದ್ದ ವೃದ್ಧರನ್ನೂ, ಹಾಸಿಗೆಗಳಲ್ಲಿಯೇ ಸತ್ತಿದ್ದವರನ್ನೂ ಕಂಡರೆಂದು ಆ ದೇಶದ ರಕ್ಷಣಾಮಂತ್ರಿಣಿ ಮಾರ್ಚ್ ೨೩ರಂದು ತಿಳಿಸಿದರು.

ಆದರೆ ಈ ವಿಷಯದಲ್ಲಿ ಕೆನಡ ದೇಶದ ಅನುಭವವು ಎಲ್ಲಕ್ಕಿಂತ ಹೆಚ್ಚು ಬೋಧಪ್ರದವಾದದ್ದು. ೨೦೨೦ರ ಮೇ ಕೊನೆಯ ವರೆಗೆ ಆ ದೇಶದಲ್ಲಿ ಕೋವಿಡಿನಿಂದ ಸತ್ತವರಲ್ಲಿ ನೂರಕ್ಕೆ ಸುಮಾರು ೮೦ ಮಂದಿ ವೃದ್ಧಾಲಯಗಳ ನಿವಾಸಿಗಳು. ಕ್ವಿಬೆಕ್ ಪ್ರಾಂತದ ಡೋರ್ವಾಲ್ ಪಟ್ಟಣದ ಒಂದು ಆಲಯದಲ್ಲಿ ರೋಗಭಯದಿಂದಲೂ ರೋಗದಿಂದಲೂ ಬಹುಮಂದಿ ಪರಿಚಾರಕರು ಕೆಲಸಕ್ಕೆ ಬಾರದೆ, ನಿವಾಸಿಗಳು ಅನ್ನ ನೀರುಗಳಿಲ್ಲದೆ ಮಲಿನವಾದ ಹಾಸಿಗೆಗಳಲ್ಲಿ ಉಳಿದರು. ಮಾರ್ಚ್ ೧೩ರಿಂದ ಒಂದು ತಿಂಗಳೊಳಗೆ ಅಲ್ಲಿ ೩೧ ಮಂದಿ ಸತ್ತರೆಂದು ಏಪ್ರಿಲಿನಲ್ಲಿ ಪ್ರಕಟವಾಯಿತು. ಇವರಲ್ಲಿ ಎಲ್ಲರನ್ನೂ ಕೊಂದುದು ಜಾಡ್ಯವೇ ಎಂದು ಹೇಳುವಂತಿರಲಿಲ್ಲ. ಕೊನೆಗೆ ಕ್ವಿಬೆಕ್ ಮತ್ತು ಒಂಟಾರಿಯೋ ಪ್ರಾಂತಗಳ ಆಲಯಗಳಿಗೆ ಸೈನಿಕರನ್ನು ಕಳುಹಿಸಬೇಕಾಯಿತು.

ಆ ದೇಶದಲ್ಲಿ ಕೋವಿಡಿನ ಮೊದಲ ಮರಣವು ಪಶ್ಚಿಮದ ಬ್ರಿಟಿಷ್ ಕೊಲಂಬಿಯ ಪ್ರಾಂತದ ವೃದ್ಧಾಲಯವೊಂದರಲ್ಲಿಯೇ ಮಾರ್ಚ್ ೮ರಂದು ಸಂಭವಿಸಿದ್ದಿತು. ಅಲ್ಲಿನ ಆರೋಗ್ಯಾಧಿಕಾರಿಣಿ ಡಾಕ್ಟರ್ ಬಾನಿ ಹೆನ್ರಿಯವರು ಅದೇ ತಿಂಗಳ ಕೊನೆಯೊಳಗೆ, ಒಬ್ಬ ಪರಿಚಾರಕನು ಒಂದೇ ಆಲಯದಲ್ಲಿ ಕೆಲಸ ಮಾಡತಕ್ಕದ್ದೆಂದು ಆಜ್ಞೆ ಹೊರಡಿಸಿದರು. ಬರಿಯ ಆಜ್ಞೆಯಿಂದ ಪರಿಚಾರಕರ ಹೊಟ್ಟೆ ತುಂಬುವುದಿಲ್ಲವೆಂಬುದನ್ನು ಅರಿತ ಸರ್ಕಾರವು ವೇತನಗಳ ತಾರತಮ್ಯವನ್ನು ತನ್ನ ಹಣದಿಂದ ತುಂಬಿ, ಎಲ್ಲರಿಗೂ ಉತ್ತಮ ದರದ ಸಂಬಳವು ದೊರೆಯುವಂತೆ ಮಾಡಿತು. ಒಂಟಾರಿಯೋದಲ್ಲಿ ಇಂತಹ ನಿಯಮವು ಜಾರಿಗೆ ಬಂದುದು ಏಪ್ರಿಲ್ ೨೨ರಂದು. ಸೆಪ್ಟೆಂಬರಿನ ವೇಳೆಗೆ ಒಂಟಾರಿಯೋದ ಆಲಯವಾಸಿಗಳಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ ಸೋಂಕು ತಗುಲಿದ್ದಿತು; ಬ್ರಿಟಿಷ್ ಕೊಲಂಬಿಯದಲ್ಲಿ ನೂರಕ್ಕೆ ಎರಡಕ್ಕಿಂತ ಕಡಮೆ. ಈ ಭೇದಕ್ಕೆ ವೇತನವೊಂದೇ ಕಾರಣವಲ್ಲ. ಪಶ್ಚಿಮದ ಪ್ರಾಂತದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆಯಿರುವ ಆಲಯಗಳೂ ಹೆಚ್ಚಾಗಿದ್ದುವು. ಒಂಟಾರಿಯೋದ ೬೧೮ ಆಲಯಗಳನ್ನು ಪರಿಶೀಲಿಸಿದ ವಿದ್ವಾಂಸರು, ಒಂದು ಕೋಣೆಯಲ್ಲಿ ನಾಲ್ವರನ್ನು ತುಂಬುವಂತಹ ಇಕ್ಕಟ್ಟಿನ ಆಲಯಗಳಲ್ಲಿ ಸೋಂಕು ಮತ್ತು ಮರಣ ಎರಡೂ ಬಿಡುವಾಗಿರುವ ಆಲಯಗಳಿಗಿಂತ ಇಮ್ಮಡಿಯಾಗಿದ್ದುದನ್ನು ಕಂಡರು. ಬ್ರೌನ್ಲೋ ಹಿಲ್ಲಿನ ಇಕ್ಕಟ್ಟು ಬೇರೆ ರೂಪದಲ್ಲಿ ಮತ್ತೆ ಕಾಣಿಸಿಕೊಂಡಿದ್ದಿತು.

೬

ಸೇವಕರೂ ವೃದ್ಧರೂ ಒಟ್ಟಿಗೆ ಬಾಗಿಲು ಮುಚ್ಚಿಕೊಂಡರೆ ಏನಾಗುವುದೆಂಬ ಪ್ರಶ್ನೆಗೆ ಫ್ರಾನ್ಸಿನಲ್ಲಿ ಉತ್ತರ ದೊರೆಯಿತು. ಲಿಯೋನ್ ನಗರದ ಬಳಿಯ ಕೊರ್ಬಾ ಎಂಬ ಊರಿನ ವೃದ್ಧಾಲಯದಲ್ಲಿ ೧೦೬ ಮಂದಿ ನಿವಾಸಿಗಳಿದ್ದರು. ೨೦೨೦ನೆಯ ಮಾರ್ಚ್ ೧೮ರಂದು ಅಲ್ಲಿನ ಸಿಬ್ಬಂದಿಯಲ್ಲಿ ೨೯ ಮಂದಿ ತಮ್ಮ ಮನೆಮಕ್ಕಳನ್ನು ಬಿಟ್ಟು, ತಾವಾಗಿಯೇ ಒಪ್ಪಿ ಆಲಯದೊಳಗೆ ಉಳಿದುಕೊಂಡರು. ನೆಲದ ಮೇಲೆ ಹಾಸಿಗೆ ಹಾಸಿ ಮಲಗಿದರು. ಹೀಗೆ ಕಳೆದುದು ೪೭ ದಿನಗಳು. ಮೇ ೪ರಂದು ಬಾಗಿಲು ತೆರೆದಾಗ ಒಳಗೆ ಒಬ್ಬರಿಗೂ ಸೋಂಕಿರಲಿಲ್ಲ. ಹೊರಗಿನವರು ಒಳಗೆ ಬಾರದಿದ್ದುದರಿಂದ, ನಿವಾಸಿಗಳನ್ನು ಕೋಣೆಗಳಲ್ಲಿ ಕೂಡಿಡುವ ಅಗತ್ಯವೇ ಬೀಳಲಿಲ್ಲ; ಅವರು ಎಂದಿನಂತೆ ಒಟ್ಟಿಗೆ ಕುಳಿತು ಉಂಡರು.

ಇದೇ ಮಾರ್ಗವನ್ನು ಹಿಡಿದ ಹದಿನೇಳು ಫ್ರೆಂಚ್ ಆಲಯಗಳ ಲೆಕ್ಕವನ್ನು ಮುಂದೆ ವೈದ್ಯರು ಪ್ರಕಟಿಸಿದರು. ಅವುಗಳ ೧೨೫೦ ನಿವಾಸಿಗಳಲ್ಲಿ ಕೋವಿಡಿನಿಂದ ಸತ್ತವರು ೫ ಮಂದಿ, ಅಂದರೆ ಸಾವಿರಕ್ಕೆ ನಾಲ್ವರು. ಅದೇ ಅವಧಿಯಲ್ಲಿ ಆ ದೇಶದ ಆಲಯಗಳಲ್ಲಿ ಒಟ್ಟಿನ ಮರಣವು ಸಾವಿರಕ್ಕೆ ಹದಿನೆಂಟು. ಆದರೆ ಇದನ್ನು ನಿಯಮವನ್ನಾಗಿ ಮಾಡಿ ಯಾರ ಮೇಲೆಯೂ ಹೇರುವಂತಿಲ್ಲ. ಕೈಮಗುವಿರುವ ತಾಯಿಗೆ ನಲವತ್ತು ದಿನ ಮನೆ ಬಿಟ್ಟಿರೆಂದು ಆಜ್ಞಾಪಿಸಲು ಯಾವ ಸರ್ಕಾರಕ್ಕೂ ಅಧಿಕಾರವಿಲ್ಲ. ಆ ಆಲಯಗಳಲ್ಲಿ ಇದು ಸಾಧ್ಯವಾದುದು ಸೇವಕರಿಗೂ ವೃದ್ಧರಿಗೂ ಮೊದಲೇ ಇದ್ದ ವಿಶ್ವಾಸದಿಂದ. ಆ ವಿಶ್ವಾಸವನ್ನು ಜಾಡ್ಯ ಬಂದ ದಿನ ಹುಟ್ಟಿಸಲಾಗದು.

ಉಳಿದ ಕಡೆಗಳಲ್ಲಿ ಬಾಗಿಲು ಮುಚ್ಚಿದುದು ಬಂಧುಗಳ ಪಾಲಿಗೆ ಮಾತ್ರ. ಅಮೆರಿಕದಲ್ಲಿ ಮಾರ್ಚ್ ೧೩ರಿಂದ ಭೇಟಿಗಾರರಿಗೆ ನಿಷೇಧವಾಯಿತು. ಮಕ್ಕಳು ಕಿಟಕಿಯ ಹೊರಗೆ ನಿಂತು ಗಾಜಿನ ಮೂಲಕ ತಾಯಿತಂದೆಗಳನ್ನು ನೋಡಿದರು. ನೆನಪು ಮಾಸಿದ ವೃದ್ಧರಿಗೆ ಮಗಳು ಏಕೆ ಒಳಗೆ ಬರುತ್ತಿಲ್ಲವೆಂಬುದನ್ನು ತಿಳಿಸಿ ಹೇಳುವುದು ಯಾರಿಂದಲೂ ಆಗಲಿಲ್ಲ. ಅನ್ನ ಬಿಟ್ಟವರುಂಟು, ಮಾತು ಬಿಟ್ಟವರುಂಟು. ಕೊನೆಗಾಲದಲ್ಲಿ ತನ್ನವರ ಮುಖ ಕಾಣದೆ ಹೋದವರು ಅಸಂಖ್ಯರು. ಹಾಲೆಂಡಿನ ಸರ್ಕಾರವು ಈ ಸಂಕಟವನ್ನರಿತು ಮೇ ೧೧ರಿಂದ ೨೬ ಆಲಯಗಳಲ್ಲಿ ಒಂದು ಪ್ರಯೋಗವನ್ನು ಮಾಡಿತು: ಪ್ರತಿಯೊಬ್ಬ ನಿವಾಸಿಗೂ ಗೊತ್ತಾದ ಒಬ್ಬ ಬಂಧುವು ನಿಯಮಗಳನ್ನು ಪಾಲಿಸಿ ಬಂದುಹೋಗಬಹುದೆಂದು ಅನುಮತಿಯಿತ್ತಿತು. ಮುಂದಿನ ವಾರಗಳಲ್ಲಿ ಆ ಆಲಯಗಳಲ್ಲಿ ಹೊಸ ಸೋಂಕು ಕಾಣಿಸಲಿಲ್ಲ. ಊರಿನಲ್ಲಿ ಜಾಡ್ಯವು ಇಳಿಮುಖವಾಗಿದ್ದುದೂ ಇದಕ್ಕೆ ನೆರವಾಯಿತೆನ್ನಬೇಕು. ಆದರೂ ಬಂಧುವನ್ನು ಬರಿಯ ಅತಿಥಿಯೆಂದು ಎಣಿಸದೆ ಶುಶ್ರೂಷೆಯಲ್ಲಿ ಪಾಲುಗಾರನೆಂದು ಎಣಿಸತಕ್ಕದ್ದೆಂಬ ಅಭಿಪ್ರಾಯಕ್ಕೆ ಇದರಿಂದ ಬಲ ಬಂದಿತು.

೭

೨೦೨೦ರ ಡಿಸೆಂಬರಿನಲ್ಲಿ ಲಸಿಕೆಯು ಸಿದ್ಧವಾದಾಗ ಅನೇಕ ದೇಶಗಳು ಅದನ್ನು ಮೊದಲು ಕೊಂಡೊಯ್ದುದು ವೃದ್ಧಾಲಯಗಳಿಗೆ. ಜರ್ಮನಿ, ಸ್ಪೇನ್ ದೇಶಗಳಲ್ಲಿ ಆರಂಭದ ಲಸಿಕೆಯನ್ನು ಪಡೆದವರು ಇಂತಹ ಆಲಯಗಳ ಅತಿವೃದ್ಧರು. ೨೦೨೧ರ ಮೊದಲ ತಿಂಗಳುಗಳಲ್ಲಿ ಅಮೆರಿಕದ ಆಲಯಗಳಲ್ಲಿ ಮರಣಗಳು ತೀವ್ರವಾಗಿ ಇಳಿದುವು.

ಆದರೆ ಲಸಿಕೆಯಿದ್ದರೂ ಅದನ್ನು ಹಾಕಿಸಿಕೊಳ್ಳದಿದ್ದರೆ ಆಗುವ ಗತಿಯನ್ನು ಹಾಂಗ್‌ಕಾಂಗ್ ತೋರಿಸಿತು. ೨೦೦೩ರ ಸಾರ್ಸ್ ಜಾಡ್ಯದಲ್ಲಿ ೨೯೯ ಮಂದಿಯನ್ನು ಕಳೆದುಕೊಂಡ ಆ ನಗರವು ಪಾಠ ಕಲಿತು, ಪ್ರತಿ ವೃದ್ಧಾಲಯದಲ್ಲಿಯೂ ಸೋಂಕಿನ ನಿಯಂತ್ರಣಕ್ಕೆ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿತು. ಮುಖವಾಡಗಳ ಸಂಗ್ರಹವನ್ನು ಮಾಡಿಸಿತು. ಅದರ ಫಲವಾಗಿ ಕೋವಿಡಿನ ಮೊದಲೆರಡು ವರ್ಷಗಳಲ್ಲಿ ನಗರದಲ್ಲೆಲ್ಲ ಸತ್ತವರು ಇನ್ನೂರಕ್ಕೆ ಸ್ವಲ್ಪ ಮೇಲೆ ಮಾತ್ರ. ಜಾಡ್ಯವನ್ನು ಕಣ್ಣಾರೆ ಕಾಣದಿದ್ದುದರಿಂದ ಅದರ ಭಯಕ್ಕಿಂತ ಸೂಜಿಯ ಭಯವೇ ಮೇಲಾಯಿತು. ಹಳೆಯ ರೋಗಗಳುಳ್ಳ ವೃದ್ಧರಿಗೆ ಲಸಿಕೆಯು ಕೇಡು ಮಾಡೀತೆಂದು ಮನೆಯವರು ಹಿಂಜರಿದರು. ೨೦೨೨ರ ಆರಂಭದಲ್ಲಿ ಆಲಯವಾಸಿಗಳಲ್ಲಿ ಲಸಿಕೆ ಪಡೆದವರು ಅಲ್ಪಸಂಖ್ಯಾತರಾಗಿದ್ದರು. ಆಗ ಒಮೈಕ್ರಾನ್ ಎಂಬ ಹೊಸ ರೂಪದ ಕೋವಿಡ್ ಒಳಹೊಕ್ಕಿತು. ಕೆಲವೇ ತಿಂಗಳುಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವೃದ್ಧಾಲಯಗಳವರು. ಬಾಗಿಲನ್ನು ಬಿಗಿಯಾಗಿ ಕಾಯ್ದ ಎರಡು ವರ್ಷಗಳು ಒಳಗಿನವರನ್ನು ಸಿದ್ಧಪಡಿಸಲು ದೊರೆತ ಅವಕಾಶವಾಗಿದ್ದುವು. ಆ ಅವಕಾಶವು ವ್ಯರ್ಥವಾಯಿತು.

೮

ಈ ಚರಿತ್ರೆಯು ದೂರದ ದೇಶಗಳದ್ದೆಂದು ಸುಮ್ಮನಿರುವಂತಿಲ್ಲ. ಆ ದೇಶಗಳ ವೃದ್ಧಾಲಯಗಳಲ್ಲಿ ಸೇವೆಮಾಡುವ ಕೈಗಳಲ್ಲಿ ಕೇರಳ ಮತ್ತು ದಕ್ಷಿಣ ಕನ್ನಡಗಳಿಂದ ಹೋದ ದಾದಿಯರ ಕೈಗಳೂ ಸೇರಿವೆ. ಮೇಲಾಗಿ ಭಾರತದಲ್ಲಿಯೂ ಕೂಡುಕುಟುಂಬಗಳು ಚೆದುರಿ, ಮಕ್ಕಳು ದೂರದ ಊರುಗಳಲ್ಲಿ ನೆಲೆಸಿ, ವೃದ್ಧಾಶ್ರಮಗಳು ಹೆಚ್ಚುತ್ತಿವೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ ೨೦೦೭ರಲ್ಲಿ ಆದ ಕಾನೂನು, ನಿರ್ಗತಿಕರಾದ ೧೫೦ ಮಂದಿ ವೃದ್ಧರಿಗಾದರೂ ಸ್ಥಳವಿರುವ ಆಶ್ರಮವನ್ನು ಜಿಲ್ಲೆಗೊಂದರಂತೆ ಸ್ಥಾಪಿಸಬಹುದೆಂದು ರಾಜ್ಯ ಸರ್ಕಾರಗಳಿಗೆ ದಾರಿ ತೋರಿಸಿದೆ. ನೂರೈವತ್ತು ಮಂದಿ ವೃದ್ಧರು ಒಂದೆಡೆಯಲ್ಲಿ ಸೇರುವುದೆಂದರೆ ಅವರ ಅನ್ನವಸ್ತ್ರಗಳ ಹೊಣೆಯೊಡನೆ ಅಂಟುಜಾಡ್ಯದ ಹೊಣೆಯೂ ಸೇರಿ ಬರುತ್ತದೆ.

ಅಂತಹ ಮನೆಯನ್ನು ಕಟ್ಟುವವರು ನೆನೆಯಬೇಕಾದ ಸಂಗತಿಗಳು ಬಹಳವಿಲ್ಲ. ಒಂದು ಕೋಣೆಯಲ್ಲಿ ಒಬ್ಬರು ಅಥವಾ ಇಬ್ಬರಿಗಿಂತ ಹೆಚ್ಚಿರಬಾರದು. ರೋಗಿಯನ್ನು ಬೇರೆ ಇರಿಸಲು ಗಾಳಿಬೆಳಕುಗಳಿರುವ ಒಂದೆರಡು ಕೋಣೆಗಳು ಬರಿದಾಗಿರಬೇಕು. ಲಸಿಕೆಯು ನಿವಾಸಿಗಳಿಗೂ ಸೇವಕರಿಗೂ ಕಾಲಕಾಲಕ್ಕೆ ಆಗಬೇಕು. ಒಬ್ಬ ಮುದುಕನು ಮಂಕಾದನೆಂದು ಮೊದಲು ಗಮನಿಸುವವಳು ವೈದ್ಯಳಲ್ಲ, ಅವನಿಗೆ ತುತ್ತಿಡುವವಳು, ಆದುದರಿಂದ ಆಕೆಗೆ ರೋಗಲಕ್ಷಣಗಳ ಶಿಕ್ಷಣವಿರಬೇಕು. ಬಂಧುಗಳಲ್ಲಿ ಒಬ್ಬರಿಗಾದರೂ ಬಾಗಿಲು ತೆರೆದಿರಬೇಕು. ಇವೆಲ್ಲಕ್ಕೂ ಮೊದಲನೆಯದಾಗಿ, ಪರಿಚಾರಿಕೆಗೆ ಒಂದೇ ಮನೆಯಲ್ಲಿ ದುಡಿದು ಬದುಕುವಷ್ಟು ಸಂಬಳವೂ, ಜ್ವರ ಬಂದ ದಿನ ಕೂಲಿ ಕಡಿಯದ ರಜೆಯೂ ಇರಬೇಕು.

ವೃದ್ಧರ ಮೇಲಿನ ಗೌರವವನ್ನು ಈ ನಾಡಿನಲ್ಲಿ ಬಾಯಿತುಂಬ ಹೇಳುವವರು ಬಹುಮಂದಿ. ಆ ಗೌರವವು ವೃದ್ಧರ ಮೈತೊಳೆಯುವವಳ ತಿಂಗಳ ಸಂಬಳದಲ್ಲಿಯೂ ಕಾಣಿಸಿಕೊಳ್ಳಬೇಕು. ಜಾಡ್ಯವು ಮತ್ತೆ ಬಂದ ದಿನ ಮುದುಕರನ್ನು ಕಾಯುವುದು ಆಶ್ರಮದ ಬೀಗವಲ್ಲ. ಮೈ ಸರಿಯಿಲ್ಲದಾಗ ನಿಶ್ಚಿಂತೆಯಾಗಿ ಮನೆಯಲ್ಲಿ ಉಳಿದು, ಗುಣವಾದ ಬಳಿಕ ನಂಬಿಕೆಯಿಂದ ಕೆಲಸಕ್ಕೆ ಮರಳಬಲ್ಲ ಆ ಹೆಣ್ಣುಮಗಳೇ.